ಮನೆಗೊಂದು ಅಗ್ಗದ ಪ್ರಿಂಟರ್: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೆ ಹತ್ತಿಪ್ಪತ್ತು ಹಾಳೆ, ಅದೂ ಬರೀ ಅಕ್ಷರ. ಪಹಣಿ, ಬ್ಯಾಂಕಿನ ಫಾರಂ, ಮಕ್ಕಳ ವರ್ಕ್‌ಶೀಟ್, ಸಂಘದ ಸಭೆಯ ನೋಟಿಸು. ಇಷ್ಟಕ್ಕೆ ಯಾವ ಪ್ರಿಂಟರ್ ತರಬೇಕು ಅಂತ ಕೇಳುವವರಿಗೆ ಈ ಪುಟ. ಫೋಟೊ, ಬಣ್ಣದ ಚಾರ್ಟು ಬೇಕಾದವರಿಗೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಬೆಲೆಗಳೆಲ್ಲ ಅಂದಾಜು. ಅಂಗಡಿಯಿಂದ ಅಂಗಡಿಗೆ ನೂರಿನ್ನೂರು ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಸುತ್ತಿ ಬಳಸಿ ಹೇಳಬೇಡಿ. ಯಾವುದು ತಗೊಳ್ಳಲಿ?

ಕಪ್ಪು-ಬಿಳುಪು ಲೇಸರ್ ಪ್ರಿಂಟರ್. ಬರೀ ಪ್ರಿಂಟ್ ಮಾಡುವಂಥದ್ದು ಸಾಕು. ಅದರ ಕಾರ್ಟ್ರಿಜ್‌ಗೆ ಟೋನರ್ (ಇಂಕಿನ ಬದಲು ಹಾಕುವ ಕಪ್ಪು ಪುಡಿ) ತುಂಬಿಕೊಡುವವರು ನಿಮ್ಮ ಊರಲ್ಲೋ ಪಕ್ಕದ ತಾಲ್ಲೂಕು ಕೇಂದ್ರದಲ್ಲೋ ಇರಬೇಕು. ಈ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಪ್ರಿಂಟರಿನ ವೇಗ, ಅಂದಚಂದ, ಆ್ಯಪ್ ಎಲ್ಲ ಆಮೇಲಿನ ಮಾತು. ಅಂಗಡಿಗೆ ಹೋದಾಗ ಮೊದಲು ಕೇಳಬೇಕಾದ್ದು "ಇದರ ಟೋನರ್ ಇಲ್ಲೇ ತುಂಬಿಸ್ತೀರಾ, ಎಷ್ಟು ತಗೋತೀರಾ?" ಅಂತ. ಉತ್ತರ ತಡವರಿಸಿದರೆ ಆ ಮಾಡೆಲ್ ಬಿಡಿ.

ಕೊಳ್ಳಲೇಬೇಕಾ? ಮನೆ ಎದುರೇ ಜೆರಾಕ್ಸ್ ಅಂಗಡಿ ಇದೆಯಲ್ಲ.

ದುಡ್ಡಿನ ಲೆಕ್ಕ ಮಾತ್ರ ನೋಡಿದರೆ ಹೆಚ್ಚಿನವರಿಗೆ ಬೇಕಾಗಿಲ್ಲ. ಪ್ರಿಂಟರ್ ಮಾರುವವರು ಇದನ್ನು ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಅಂಗಡಿಯಲ್ಲಿ ಒಂದು ಪ್ರಿಂಟಿಗೆ 5 ರೂಪಾಯಿ ಅಂದುಕೊಳ್ಳಿ. ತಿಂಗಳಿಗೆ 15 ಹಾಳೆ ಎಂದರೆ 75 ರೂಪಾಯಿ, ವರ್ಷಕ್ಕೆ 900. ಹೊಸ ಲೇಸರ್ ಪ್ರಿಂಟರಿಗೆ 11,000 ಹಾಕಿದರೆ ಹನ್ನೆರಡು ವರ್ಷವಾದರೂ ಆ ಗಂಟು ವಾಪಸ್ ಬರುವುದಿಲ್ಲ.

ಓದುವ ಮಕ್ಕಳಿದ್ದು ತಿಂಗಳಿಗೆ 60 ಹಾಳೆ ದಾಟುತ್ತಿದ್ದರೆ ಲೆಕ್ಕ ಬೇರೆ. ಅಂಗಡಿಗೆ ವರ್ಷಕ್ಕೆ 3,600 ಹೋಗುತ್ತದೆ. ಮನೆಯಲ್ಲಾದರೆ ಕಾಗದ, ತುಂಬಿಸಿದ ಟೋನರ್ ಎರಡೂ ಸೇರಿ ಹಾಳೆಗೆ ಹೆಚ್ಚೆಂದರೆ ಒಂದು ರೂಪಾಯಿ. ನಾಲ್ಕು ವರ್ಷದೊಳಗೆ ಪ್ರಿಂಟರಿನ ದುಡ್ಡು ಹುಟ್ಟುತ್ತದೆ.

ದುಡ್ಡಿಗಿಂತ ದೂರದ ಪ್ರಶ್ನೆ ದೊಡ್ಡದು. ಹಾಸನದ ವಿದ್ಯಾನಗರದಲ್ಲೋ ಚಿಕ್ಕಮಗಳೂರಿನ ಎಂ.ಜಿ. ರಸ್ತೆ ಪಕ್ಕದಲ್ಲೋ ಇರುವವರಿಗೆ ಅಂಗಡಿ ಐದು ನಿಮಿಷದ ದಾರಿ. ಕಳಸದ ಒಳಗಿನ ಎಸ್ಟೇಟಿನಲ್ಲಿ ಇರುವವರಿಗೆ ಒಂದು ಸಹಿಯ ಹಾಳೆಗಾಗಿ ಅರ್ಧ ದಿನ ಹೋಗುತ್ತದೆ. ಇನ್ನೊಂದು ಕಾರಣ ಗುಟ್ಟಿನದು. ಆಧಾರ್, ಪಾಸ್‌ಬುಕ್, ಆಸ್ತಿ ಪತ್ರ ಎಲ್ಲವನ್ನೂ ನಾವು ಅಂಗಡಿಯವರ ವಾಟ್ಸಾಪ್‌ಗೆ ಕಳಿಸುತ್ತೇವೆ. ಅವು ಅಲ್ಲೇ ಆ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರುತ್ತವೆ. ಇ-ಆಧಾರ್ ಫೈಲಿನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ಊರಲ್ಲಿ ನಿಮ್ಮನ್ನು ಬಲ್ಲ ಯಾರಾದರೂ ಊಹಿಸಬಹುದು, ಅಲ್ವಾ? ಅಂಗಡಿಗೇ ಹೋಗುವುದಾದರೆ ನಂಬರಿನ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕೊಡಿ, ಕೆಲಸ ಮುಗಿದ ಮೇಲೆ ಎದುರಿಗೇ ಡಿಲೀಟ್ ಮಾಡಿಸಿ.

ಇಂಕ್ ಬಿಟ್ಟು ಲೇಸರ್ ಯಾಕೆ?

ಒಣಗುವುದಿಲ್ಲ, ಅದಕ್ಕೆ.

ಇಂಕ್‌ಜೆಟ್‌ನಲ್ಲಿ ಕೂದಲಿಗಿಂತ ಸಣ್ಣ ತೂತುಗಳಿಂದ ಇಂಕ್ ಚಿಮ್ಮಬೇಕು. ಒಂದು ತಿಂಗಳು ಮುಟ್ಟದೆ ಬಿಟ್ಟರೆ ಆ ತೂತುಗಳ ಬಾಯಲ್ಲೇ ಇಂಕ್ ಒಣಗಿ ಕೂರುತ್ತದೆ. ಆಮೇಲೆ ಅಕ್ಷರದ ಮಧ್ಯೆ ಬಿಳಿ ಗೆರೆ. ಈ ತೂತುಗಳಿರುವ ಭಾಗಕ್ಕೆ ಹೆಡ್ ಅಂತಾರೆ. ಹೆಡ್ ಕ್ಲೀನಿಂಗ್ ಕೊಟ್ಟರೆ ಅದು ಇಂಕನ್ನೇ ಸುರಿದು ತೂತು ತೊಳೆಯುತ್ತದೆ. ಅಂದರೆ ಒಂದು ಪುಟವೂ ಪ್ರಿಂಟ್ ಆಗದೆ ಇಂಕ್ ಖಾಲಿ.

ಲೇಸರಿನಲ್ಲಿ ದ್ರವವೇ ಇಲ್ಲ. ಟೋನರ್ ಎಂದರೆ ಪ್ಲಾಸ್ಟಿಕ್ ಬೆರೆತ ಕಪ್ಪು ಪುಡಿ. ಒಳಗಿನ ಡ್ರಮ್ಮಿನ ಮೇಲೆ ಲೇಸರ್ ಬೆಳಕು ಅಕ್ಷರದ ಆಕಾರದಲ್ಲಿ ವಿದ್ಯುದಂಶದ ಗುರುತು ಮೂಡಿಸುತ್ತದೆ. ಪುಡಿ ಆ ಗುರುತಿಗೆ ಅಂಟಿ, ಅಲ್ಲಿಂದ ಕಾಗದಕ್ಕೆ ಇಳಿದು, ಸುಮಾರು 200 ಡಿಗ್ರಿ ಬಿಸಿಯ ರೋಲರಿನ ಕೆಳಗೆ ಕರಗಿ ಕಚ್ಚಿಕೊಳ್ಳುತ್ತದೆ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಮಾಡಿ ತೋರಿಸಿದ ಜೆರಾಕ್ಸ್ ವಿದ್ಯೆಯೇ ಇದು, ಬೆಳಕು ಮಾತ್ರ ಲೇಸರಿನದು. ಪುಡಿ ಒಣಗಿಯೇ ಇರುವುದರಿಂದ ಇನ್ನೊಮ್ಮೆ ಒಣಗುವ ಮಾತೇ ಇಲ್ಲ. ಯುಗಾದಿಗೆ ಮುಚ್ಚಿಟ್ಟು ದೀಪಾವಳಿಗೆ ತೆಗೆದರೂ ಮೊದಲ ಹಾಳೆಯೇ ಕಪ್ಪಗೆ ಬರುತ್ತದೆ.

3,500 ರೂಪಾಯಿಗೆ ಬಣ್ಣದ ಪ್ರಿಂಟರೇ ಸಿಗುತ್ತದೆ, ಜೊತೆಗೆ ಸ್ಕ್ಯಾನರ್ ಬೇರೆ. ಮೋಸವಾ?

ಮೋಸ ಅಲ್ಲ, ವ್ಯಾಪಾರ. ಯಂತ್ರದಲ್ಲಿ ಬಿಟ್ಟ ಲಾಭವನ್ನು ಇಂಕಿನಲ್ಲಿ ತೆಗೆಯುತ್ತಾರೆ. ಅಂಥವುಗಳ ಚಿಕ್ಕ ಕಪ್ಪು ಕಾರ್ಟ್ರಿಜ್ ನೂರು-ಇನ್ನೂರು ಪುಟಕ್ಕೆ ಮುಗಿಯುತ್ತದೆ. ಹೊಸದು ಕೊಳ್ಳಲು ಹೋದರೆ ಪ್ರಿಂಟರಿನ ಬೆಲೆಯ ಕಾಲು ಭಾಗ ಅದಕ್ಕೇ. ಅಪರೂಪಕ್ಕೆ ಬಳಸುವವರಿಗೆ ಇದಕ್ಕಿಂತ ದುಬಾರಿ ಬೇರೆ ಇಲ್ಲ, ಯಾಕೆಂದರೆ ಅವರ ಇಂಕ್ ಖರ್ಚಾಗುವುದಕ್ಕಿಂತ ಜಾಸ್ತಿ ಒಣಗುತ್ತದೆ.

ಬಾಟಲಿಯಿಂದ ಇಂಕ್ ಸುರಿಯುವ ಇಂಕ್ ಟ್ಯಾಂಕ್ ಪ್ರಿಂಟರ್ ಹಾಗಲ್ಲವಲ್ಲ? ಒಂದು ಬಾಟಲಿಗೆ ಸಾವಿರಾರು ಪುಟ ಅಂತಾರೆ.

ನಿಜ. ಎಪ್ಸನ್ ಎಲ್3250ಗೆ ಹಾಕುವ ಕಪ್ಪು ಬಾಟಲಿಗೆ ಕಂಪನಿ ಹೇಳುವುದು 4,500 ಪುಟ. ಆದರೆ ತಿಂಗಳಿಗೆ 15 ಹಾಳೆಯವರಿಗೆ ಅದು ಇಪ್ಪತ್ತೈದು ವರ್ಷದ ಇಂಕ್. ಅಷ್ಟು ದಿನ ಯಾವ ಹೆಡ್ಡೂ ಬಾಳುವುದಿಲ್ಲ. ದಿನಾ ಪ್ರಿಂಟ್ ತೆಗೆಯುವ ಟ್ಯೂಷನ್ ಮನೆಗೆ ಇಂಕ್ ಟ್ಯಾಂಕ್ ಸರಿ. ಬಣ್ಣ ಬೇಕೇ ಬೇಕು ಎನ್ನುವವರಿಗೂ ಸರಿ.

ಈಗಾಗಲೇ ಮನೆಯಲ್ಲಿ ಇದ್ದರೆ ಎರಡು ಕೆಲಸ ಮಾಡಿ. ವಾರಕ್ಕೋ ಹತ್ತು ದಿನಕ್ಕೋ ಒಂದು ಪುಟ ಬಣ್ಣದಲ್ಲೇ ತೆಗೆಯಿರಿ. ಮತ್ತೆ, ಗೋಡೆಯ ಸ್ವಿಚ್ಚನ್ನು ನೇರ ಆರಿಸಬೇಡಿ. ಮೊದಲು ಪ್ರಿಂಟರಿನದೇ ಬಟನ್ ಒತ್ತಿ. ಆಗ ಹೆಡ್ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಆ ಸದ್ದು ನಿಂತ ಮೇಲೆ ಸ್ವಿಚ್ ಆರಿಸಿ. ಅರ್ಧ ದಾರಿಯಲ್ಲಿ ಕರೆಂಟ್ ಕಿತ್ತರೆ ಹೆಡ್ ಬಾಯಿ ತೆರೆದೇ ನಿಲ್ಲುತ್ತದೆ.

ಸರಿ, ಲೇಸರೇ ಇರಲಿ. ಯಾವ ಮಾಡೆಲ್?

ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಪತ್ರ ಬರಹಗಾರರ ಮೇಜು ಎಲ್ಲಿ ನೋಡಿದರೂ ಎರಡು ಹಳೇ ತಲೆಗಳು ಕಾಣುತ್ತವೆ. ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900. ಒಂದಕ್ಕೆ 12ಎ ಕಾರ್ಟ್ರಿಜ್, ಇನ್ನೊಂದಕ್ಕೆ 303. ಎರಡಕ್ಕೂ ಒಂದೇ ಕಂಪಾಟಿಬಲ್ (ಬೇರೆ ಕಂಪನಿ ಮಾಡಿದ) ಕಾರ್ಟ್ರಿಜ್ ಮಾರುತ್ತಾರೆ. ಸುಮಾರು 2,000 ಪುಟ ಬರುತ್ತದೆ. 12ಎಯಲ್ಲಿ ಟೋನರಿನ ಲೆಕ್ಕ ಇಡುವ ಚಿಪ್ ಇಲ್ಲ. ಹಾಗಾಗಿ ಎಷ್ಟು ಸಲ ತುಂಬಿಸಿದರೂ ಪ್ರಿಂಟರ್ ತಕರಾರು ಮಾಡುವುದಿಲ್ಲ. ಕಣ್ಣು ಮುಚ್ಚಿಕೊಂಡು ಟೋನರ್ ತುಂಬುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ. ವೈಫೈ ಇಲ್ಲ, ಎರಡು ಕಡೆ ತಾನಾಗಿ ಪ್ರಿಂಟ್ ಮಾಡುವುದಿಲ್ಲ. ಆದರೂ ನನ್ನ ಮಟ್ಟಿಗೆ ಬಾಳಿಕೆಯಲ್ಲಿ ಇವನ್ನು ಮೀರಿಸಿದ್ದು ಕಡಿಮೆ.

ಹೊಸದರ ಪೈಕಿ, ಎರಡೂ ಕಡೆ ತಾನಾಗಿ ಪ್ರಿಂಟ್ ಬೇಕು ಅಂದರೆ ಬ್ರದರ್ ಎಚ್‌ಎಲ್-ಎಲ್2321ಡಿ ಥರದ್ದು ನೋಡಿ. ಅದರಲ್ಲಿ ಟೋನರ್ ಬೇರೆ, ಡ್ರಮ್ ಬೇರೆ. ಟೋನರ್ 2,600 ಪುಟ, ಡ್ರಮ್ 12,000 ಪುಟ ಅಂತ ಕಂಪನಿ ಲೆಕ್ಕ. ತಿಂಗಳಿಗೆ 15 ಹಾಳೆಯವರು ಡ್ರಮ್ಮಿನ ಚಿಂತೆ ಮಾಡಬೇಕಾಗಿಲ್ಲ. ಕ್ಯಾನನ್ ಎಲ್‌ಬಿಪಿ 6030 ಚಿಕ್ಕ ಮೇಜಿಗೆ ಚೆನ್ನ. ಅದರ 925 ಕಾರ್ಟ್ರಿಜ್ 1,600 ಪುಟ ಬರುತ್ತದೆ.

ಈ ಪುಟದ ಲೆಕ್ಕವೆಲ್ಲ ಹಾಳೆಯ ನೂರರಲ್ಲಿ ಐದು ಭಾಗ ಕಪ್ಪು ಇದ್ದರೆ ಅಂತ. ಒತ್ತೊತ್ತಾಗಿ ಕನ್ನಡ ತುಂಬಿದ ಹಾಳೆಗೆ ಅದಕ್ಕಿಂತ ಜಾಸ್ತಿ ಟೋನರ್ ಹೋಗಬಹುದು. ಅಲ್ಲದೆ ಹೊಸ ಪ್ರಿಂಟರಿನ ಪೆಟ್ಟಿಗೆಯೊಳಗಿನ ಕಾರ್ಟ್ರಿಜ್ ಎಷ್ಟೋ ಸಲ ಅರ್ಧ ಮಾತ್ರ ತುಂಬಿದ ಸ್ಟಾರ್ಟರ್ ಆಗಿರುತ್ತದೆ.

ಹೊಸ ಮಾಡೆಲ್‌ಗಳಲ್ಲಿ ಒಂದು ಎಚ್ಚರ. ಕಾರ್ಟ್ರಿಜ್‌ಗೆ ಚಿಪ್ ಇದ್ದರೆ, ಬೇರೆಯವರ ಚಿಪ್ ಕಂಡ ಕೂಡಲೇ ಪ್ರಿಂಟರ್ ಮುನಿಸಿಕೊಳ್ಳುವ ವ್ಯವಸ್ಥೆ ಕೆಲವದರಲ್ಲಿ ಇದೆ. ಎಚ್‌ಪಿ ಇದನ್ನು 'ಡೈನಮಿಕ್ ಸೆಕ್ಯುರಿಟಿ' ಎನ್ನುತ್ತದೆ. ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಓದಿ.

ಹಳೇ ಪ್ರಿಂಟರ್ ತಗೊಳ್ಳಬಹುದಾ?

ಧಾರಾಳವಾಗಿ. 12ಎ ಜಾತಿಯದ್ದನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳುವುದೇ ನನ್ನ ಮೊದಲ ಸಲಹೆ. ನಾಲ್ಕರಿಂದ ಆರು ಸಾವಿರದೊಳಗೆ ಸಿಗುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ನಿಂತು ನಿಮ್ಮದೇ ಫೈಲಿನ ಹತ್ತು ಹಾಳೆ ತೆಗೆಸಿ. ಒಂದೆರಡು ಹಾಳೆ ನೋಡಿ ಒಪ್ಪಬೇಡಿ. ಹೀಟರ್ ಬಿಸಿ ಏರಿದ ಮೇಲೇ ಕೆಲವು ಚಾಳಿ ಹೊರಬರುತ್ತವೆ.

ಆ ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೂ ಒಂದೇ ಸಮ ಕಪ್ಪು ಗೆರೆ ಇದ್ದರೆ ಡ್ರಮ್ ಗೀಚಿದೆ ಅಥವಾ ಅದನ್ನು ಒರೆಸುವ ಬ್ಲೇಡ್ ಸವೆದಿದೆ. ಒಂದೇ ಚುಕ್ಕೆ ಮತ್ತೆ ಮತ್ತೆ ಬರುತ್ತಿದ್ದರೆ ಸ್ಕೇಲ್ ಇಟ್ಟು ಅಳೆಯಿರಿ. ಸುಮಾರು ಏಳೂವರೆ ಸೆಂಟಿಮೀಟರಿಗೊಂದು, ಅಂದರೆ ಎ4 ಹಾಳೆಯಲ್ಲಿ ನಾಲ್ಕು ಸಲ ಬಂದರೆ ಅದು ಡ್ರಮ್ಮಿನ ಮೇಲಿನ ಕಲೆ. 12ಎ ಡ್ರಮ್ಮಿನ ಸುತ್ತಳತೆ ಅಷ್ಟೇ. ಇವೆರಡೂ ಕಾರ್ಟ್ರಿಜ್‌ನ ದೋಷ, ಬದಲಾಯಿಸಿದರೆ ಹೋಗುತ್ತದೆ. ಇದನ್ನು ಹಿಡಿದು ಬೆಲೆ ಇಳಿಸಿ, ಪ್ರಿಂಟರ್ ಬಿಡಬೇಡಿ.

ಬಿಡಬೇಕಾದ್ದು ಯಾವಾಗ? ಅಕ್ಷರದ ಮೇಲೆ ಹೆಬ್ಬೆರಳು ಉಜ್ಜಿದಾಗ ಪುಡಿ ಬಂದರೆ. ಹೀಟರ್ ಸರಿಯಾಗಿ ಕಾಯುತ್ತಿಲ್ಲ ಎಂದರ್ಥ, ರಿಪೇರಿ ದುಬಾರಿ. ಒಂದು ಹಾಳೆ ಬದಲು ಎರಡು ಮೂರು ಎಳೆದರೆ ಅಷ್ಟೇನೂ ಭಯ ಬೇಡ, ರಬ್ಬರ್ ರೋಲರೋ ಪ್ಯಾಡೋ ಬದಲಿಸಿದರೆ ಸರಿಹೋಗುತ್ತದೆ.

ಇನ್ನೊಂದು, ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಹಾಕಿಸಿ ನೋಡಿ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಮ್ಯಾಕ್, ಲಿನಕ್ಸ್ ಇದ್ದವರಿಗೆ ಈ ಹಳೇ ಮಾಡೆಲ್‌ಗಳು ತಲೆನೋವು.

ಟೋನರ್ ತುಂಬಿಸಿದರೆ ಪ್ರಿಂಟರ್ ಹಾಳಾಗುತ್ತದೆ ಅಂತಾರೆ?

ಕೆಟ್ಟದಾಗಿ ತುಂಬಿಸಿದರೆ ಹಾಳಾಗುತ್ತದೆ. ಕಾರ್ಟ್ರಿಜ್‌ನಲ್ಲಿ ಎರಡು ಗೂಡು. ಒಂದರಲ್ಲಿ ಹೊಸ ಪುಡಿ, ಇನ್ನೊಂದರಲ್ಲಿ ಡ್ರಮ್ಮಿನಿಂದ ಒರೆಸಿ ತೆಗೆದ ಕಸದ ಪುಡಿ. ಒಳ್ಳೆ ಕೆಲಸಗಾರ ಕಸದ ಗೂಡನ್ನು ಬಿಚ್ಚಿ ಖಾಲಿ ಮಾಡಿ, ಡ್ರಮ್ ಒರೆಸಿ, ಆಮೇಲೆ ಹೊಸದು ಹಾಕುತ್ತಾನೆ. ಅವಸರದವನು ತೂತು ಕೊರೆದು ಪುಡಿ ಸುರಿದು ಸೆಲ್ಲೋಟೇಪ್ ಹಚ್ಚಿ ಕಳಿಸುತ್ತಾನೆ. ಎರಡನೇ ಸಲಕ್ಕೆ ಕಸದ ಗೂಡು ತುಂಬಿ ಪ್ರಿಂಟರಿನ ಹೊಟ್ಟೆಯಲ್ಲೆಲ್ಲ ಕಪ್ಪು. ಹಾಗಾಗಿ "ವೇಸ್ಟ್ ಖಾಲಿ ಮಾಡಿದ್ರಾ?" ಅಂತ ಕೇಳಿ. ಸಾಧ್ಯವಾದರೆ ಎದುರಿಗೆ ನಿಂತೇ ಮಾಡಿಸಿ.

ಒಂದು ಸಲ ತುಂಬಿಸಲು ಇನ್ನೂರೈವತ್ತರಿಂದ ನಾನೂರು. ಪುಟಕ್ಕೆ ಇಪ್ಪತ್ತು ಪೈಸೆ ಆಸುಪಾಸು. ಒರಿಜಿನಲ್ ಕಾರ್ಟ್ರಿಜ್ ಕೊಂಡರೆ ಹಳೇ ಪ್ರಿಂಟರಿನ ಬೆಲೆಯೇ ಆಗಿಬಿಡುತ್ತದೆ. ಮೂರು ನಾಲ್ಕು ಸಲ ತುಂಬಿಸಿದ ಮೇಲೆ ಅಕ್ಷರ ಮಾಸಿದರೆ, ಒಂದು ಕಂಪಾಟಿಬಲ್ ಕಾರ್ಟ್ರಿಜ್ ಹೊಸದು ಹಾಕಿ.

ಅಂದಹಾಗೆ, ಅಕ್ಷರ ತಿಳಿಯಾಗತೊಡಗಿದ ಕೂಡಲೇ ಅಂಗಡಿಗೆ ಓಡಬೇಡಿ. ಕಾರ್ಟ್ರಿಜ್ ತೆಗೆದು ಎಡಕ್ಕೂ ಬಲಕ್ಕೂ ಮೆಲ್ಲಗೆ ಐದಾರು ಸಲ ಆಡಿಸಿ ಹಾಕಿ. ಇನ್ನೂ ಒಂದಷ್ಟು ಹಾಳೆ ಬರುತ್ತದೆ.

ಮಳೆಗಾಲದಲ್ಲಿ ಕಾಗದ ಸಿಕ್ಕಿಹಾಕಿಕೊಳ್ಳುತ್ತೆ. ಪ್ರಿಂಟರ್ ಕೆಟ್ಟಿದೆಯಾ?

ಪ್ರಿಂಟರ್ ಕೆಟ್ಟಿಲ್ಲ, ಕಾಗದ ನೆನೆದಿದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಕೇಳುವ ಪ್ರಶ್ನೆಯೇ ಇದು. ಬಟ್ಟೆಯೇ ಒಣಗದ ಮನೆಯಲ್ಲಿ ಟ್ರೇಯಲ್ಲಿ ಬಿಟ್ಟ ಕಾಗದ ಗರಿಗರಿಯಾಗಿ ಇರುತ್ತದೆಯೇ? ಗಾಳಿಯ ತೇವ ಕುಡಿದು ಹಪ್ಪಳದ ಹಾಗೆ ಅಂಚು ಎದ್ದಿರುತ್ತದೆ. ಆ ತೇವದ ಹಾಳೆ 200 ಡಿಗ್ರಿಯ ರೋಲರಿಗೆ ಹೋದಾಗ ಹಬೆ ಎದ್ದು ಸುರುಳಿ ಸುತ್ತಿಕೊಳ್ಳುತ್ತದೆ. ಹೊರಬರುವ ಬಾಯಲ್ಲೇ ಸಿಕ್ಕಿಬೀಳುತ್ತದೆ. ಅಕ್ಷರವೂ ಅಲ್ಲಲ್ಲಿ ಮಾಸಲು, ಯಾಕೆಂದರೆ ತೇವದ ಕಾಗದಕ್ಕೆ ಪುಡಿ ಸರಿಯಾಗಿ ಇಳಿಯುವುದಿಲ್ಲ.

ಮದ್ದು ಸುಲಭ. ಟ್ರೇಯಲ್ಲಿ ಕಾಗದ ಬಿಡಲೇಬೇಡಿ. ಬೇಕಾದಾಗ ಬೇಕಾದಷ್ಟೇ ಹಾಳೆ ಹಾಕಿ. ಉಳಿದ ಬಂಡಲ್ಲನ್ನು ಅದರದೇ ಹೊದಿಕೆಯಲ್ಲಿ ಸುತ್ತಿ, ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲೋ ಬಿಗಿ ಮುಚ್ಚಳದ ಡಬ್ಬಿಯಲ್ಲೋ ಇಡಿ. ಆ ಹೊದಿಕೆಯ ಒಳಮೈ ನುಣುಪಾಗಿರುವುದು ತೇವ ತಡೆಯಲೆಂದೇ. ಹರಿದು ಬಿಸಾಡಬೇಡಿ. ಗೋಡೆಗೆ ತಾಗಿದ ಬೀರುವಿನ ಕೆಳಗಿನ ಅರೆ ಬೇಡ. 75 ಜಿಎಸ್‌ಎಂ ಕಾಗದ ತನ್ನಿ. ಅದಕ್ಕಿಂತ ತೆಳುವಾದದ್ದು ಮಳೆಗಾಲದಲ್ಲಿ ಬೇಗ ಸುರುಟುತ್ತದೆ.

ಅರಸೀಕೆರೆ, ಕಡೂರು ಕಡೆಯವರಿಗೆ ಈ ಕಾಟ ಕಮ್ಮಿ. ಅಲ್ಲಿನ ಶತ್ರು ಧೂಳು. ಪ್ರಿಂಟರ್ ತಣ್ಣಗಾದ ಮೇಲೆ ಒಂದು ಹಳೇ ಪಂಚೆ ಹೊದಿಸಿದರೆ ಆಯ್ತು. ಹಲ್ಲಿ, ಜಿರಳೆ ಒಳಗೆ ಸೇರಿಕೊಳ್ಳುವುದೂ ತಪ್ಪುತ್ತದೆ.

ಯುಪಿಎಸ್‌ಗೆ, ಇನ್ವರ್ಟರಿಗೆ ಹಾಕಬಹುದಾ?

ಲೇಸರ್ ಆದರೆ ಬೇಡ. ಹೀಟರ್ ಕಾಯುವ ಗಳಿಗೆಯಲ್ಲಿ ಅದು ಒಮ್ಮೆಲೇ 500 ವ್ಯಾಟಿಗಿಂತ ಜಾಸ್ತಿ ಎಳೆಯುತ್ತದೆ. ರಾತ್ರಿ ಪ್ರಿಂಟ್ ಕೊಟ್ಟಾಗ ಬಲ್ಬು ಸಣ್ಣಗೆ ಮಂಕಾಗುವುದು ಕಂಡಿರಬಹುದು. ಕಂಪ್ಯೂಟರಿಗೆ ಇಡುವ 600 ವಿಎ ಯುಪಿಎಸ್ ಆ ಎಳೆತಕ್ಕೆ ಕೀ ಕೀ ಅಂದು ಆರಿಹೋಗುತ್ತದೆ. ಹಾಸನದವರಿಗೆ ಚೆಸ್ಕಾಂ, ಚಿಕ್ಕಮಗಳೂರಿನವರಿಗೆ ಮೆಸ್ಕಾಂ, ಯಾರದಾದರೂ ಸರಿ, ಗೋಡೆಯ ಪಾಯಿಂಟಿಗೇ ನೇರ ಹಾಕಿ. ಏಪ್ರಿಲ್-ಮೇ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ.

ಕರೆಂಟ್ ಹೋದರೆ ದಿನಗಟ್ಟಲೆ ಬಾರದ ಒಳಮಲೆನಾಡಿನ ಮನೆಗಳಿಗೆ ಮಾತ್ರ ನನ್ನ ಸಲಹೆ ಸ್ವಲ್ಪ ಬೇರೆ. ಇನ್ವರ್ಟರಿನಲ್ಲೇ ಪ್ರಿಂಟ್ ಬೇಕು, ವಾರಕ್ಕೊಂದು ಹಾಳೆ ತಪ್ಪದೆ ತೆಗೆಯುತ್ತೇವೆ ಎನ್ನುವವರು ಕಪ್ಪು ಇಂಕ್ ಮಾತ್ರ ಇರುವ ಎಪ್ಸನ್ ಎಂ1120 ಥರದ ಇಂಕ್ ಟ್ಯಾಂಕ್ ನೋಡಬಹುದು. ಹೀಟರ್ ಇಲ್ಲದ್ದರಿಂದ ಹತ್ತಿಪ್ಪತ್ತು ವ್ಯಾಟಿನಲ್ಲಿ ಕೆಲಸ ಮುಗಿಯುತ್ತದೆ.

ಮೊಬೈಲಿನಿಂದ ನೇರ ಪ್ರಿಂಟ್ ಬೇಕು.

ಹಾಗಿದ್ದರೆ ವೈಫೈ ಇರುವ ಮಾಡೆಲ್. ಸಾವಿರ-ಎರಡು ಸಾವಿರ ಜಾಸ್ತಿ. ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದವರಿಗೆ ಅದು ಬೇಕೇ ಬೇಕು. ಜೋಡಿಸುವಾಗ ಸಿಗದಿದ್ದರೆ ರೌಟರ್ ನೋಡಿ. ಅಗ್ಗದ ಪ್ರಿಂಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಹಿಡಿಯುವುದಿಲ್ಲ. ಲ್ಯಾಪ್‌ಟಾಪ್ ಇದ್ದವರಿಗೆ ಯುಎಸ್‌ಬಿ ವೈರ್ ಸಾಕು. ವೈರ್ ಪಾಸ್‌ವರ್ಡ್ ಮರೆಯುವುದಿಲ್ಲ.

ಸ್ಕ್ಯಾನರ್, ಜೆರಾಕ್ಸ್ ಸೇರಿದ್ದು ತಗೊಳ್ಳಲಾ?

ಸ್ಕ್ಯಾನ್ ಈಗ ಮೊಬೈಲೇ ಮಾಡುತ್ತದೆ. ಆಧಾರ್ ಕಾರ್ಡಿನ ಎರಡೂ ಕಡೆ ಒಂದೇ ಹಾಳೆಯಲ್ಲಿ ಪದೇ ಪದೇ ಬೇಕಾಗುವ ಮನೆಯಾದರೆ ಮಾತ್ರ ಯೋಚಿಸಿ.

ಕನ್ನಡ ಅಕ್ಷರ ಸರಿಯಾಗಿ ಬರುತ್ತದಾ?

ಲೇಸರಿನಲ್ಲಿ ಚೆನ್ನಾಗಿ ಬರುತ್ತದೆ. ನಮ್ಮ ಲಿಪಿಯಲ್ಲಿ ಸುಳಿ, ಕೊಂಬು, ಒತ್ತಕ್ಷರ ಜಾಸ್ತಿ. ಪಹಣಿಯಂಥ ಸಣ್ಣಕ್ಷರದಲ್ಲಿ ಅಗ್ಗದ ಕಾಗದದ ಮೇಲೆ ಇಂಕ್ ಹರಡಿದರೆ ಒತ್ತಕ್ಷರದ ಹೊಟ್ಟೆಯೇ ಮುಚ್ಚಿಹೋಗುತ್ತದೆ. ಟೋನರ್ ಪುಡಿ ಹಾಗೆ ಹರಡುವುದಿಲ್ಲ. ಒಂದೇ ಕಡೆ ಜಾಗ್ರತೆ. ಲೇಸರ್ ಹಾಳೆಯನ್ನು ಅಗ್ಗದ ಪಿವಿಸಿ ಕವರಿನಲ್ಲಿ ವರ್ಷಗಟ್ಟಲೆ ಒತ್ತಿಟ್ಟರೆ ಅಕ್ಷರ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಕಾಗದದ ಫೈಲು ವಾಸಿ.

ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಚಿಹ್ನೆಗಳ ಕಿಚಡಿಯಾಗಿ ಬಂದರೆ ಅದು ಪ್ರಿಂಟರಿನ ತಪ್ಪಲ್ಲ, ಆ ಫಾಂಟ್ ಅಲ್ಲಿ ಇಲ್ಲ ಅಷ್ಟೇ. ಟೈಪ್ ಮಾಡಿದ ಕಡೆಯೇ ಪಿಡಿಎಫ್ ಮಾಡಿಕೊಳ್ಳಿ.

ಆನ್‌ಲೈನ್ ತರಿಸಲಾ, ಅಂಗಡಿಯಲ್ಲಾ?

ಆನ್‌ಲೈನ್‌ನಲ್ಲಿ ಐನೂರು-ಸಾವಿರ ಉಳಿಯಬಹುದು. ಆದರೆ ಟೋನರ್ ತುಂಬಿಸುವ ಅಂಗಡಿಯಲ್ಲೇ ಕೊಂಡರೆ ಆಮೇಲೆ ರೋಲರ್ ಜಾರಿದಾಗ, ಡ್ರೈವರ್ ಕೈಕೊಟ್ಟಾಗ ಒಂದು ಫೋನಿಗೆ ಕೆಲಸ ಆಗುತ್ತದೆ. ವಾರಂಟಿ ಸಾಮಾನ್ಯವಾಗಿ ಒಂದು ವರ್ಷ. ಕಂಪನಿಯವರು ಮನೆಗೆ ಬರುತ್ತಾರೋ, ನೀವೇ ಹೊತ್ತುಕೊಂಡು ಬೆಂಗಳೂರಿಗೆ ಹೋಗಬೇಕೋ, ಅದನ್ನು ಬಿಲ್ ಹಾಕಿಸುವ ಮೊದಲೇ ಕೇಳಿ.

ಕಾರ್ಟ್ರಿಜ್ ತೆಗೆಯುವಾಗ ಟೋನರ್ ಚೆಲ್ಲಿತು. ಏನು ಮಾಡಲಿ?

ಫ್ಯಾನ್ ಆರಿಸಿ. ನೆಲದ ಮೇಲಿದ್ದರೆ ಒದ್ದೆ ಕಾಗದದಿಂದ ಒತ್ತಿ ಎತ್ತಿ, ಪೊರಕೆ ಹಿಡಿಯಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ, ಪುಡಿ ಅಷ್ಟು ನಯವಾದ್ದರಿಂದ ಸೋಸು ಬಟ್ಟೆ ದಾಟಿ ಮತ್ತೆ ಹೊರಗೇ ಬರುತ್ತದೆ. ಬಟ್ಟೆಗೆ ಬಿದ್ದಿದ್ದರೆ ಮೊದಲು ಕೊಡವಿ, ಆಮೇಲೆ ತಣ್ಣೀರಿನಲ್ಲಿ ಒಗೆಯಿರಿ. ಬಿಸಿನೀರು ಹಾಕಿದರೆ ಪುಡಿ ಮೆತ್ತಗಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಕೈಯನ್ನೂ ತಣ್ಣೀರಿನಲ್ಲೇ ತೊಳೆಯಿರಿ. ಅಷ್ಟು ಹೊತ್ತು ಹೊರಗಿಟ್ಟ ಕಾರ್ಟ್ರಿಜ್ ಮೇಲೆ ಒಂದು ದಪ್ಪ ಬಟ್ಟೆ ಹಾಕಿಡಿ. ಕಿಟಕಿಯ ಬಿಸಿಲು ಬಿದ್ದರೆ ಡ್ರಮ್ ಹಾಳು.